ಲೆವ್ ಶುಬ್ನಿಕೋವ್: ಅತಿವಾಹಕತೆ ಮತ್ತು ಕಾಂತತ್ವದಲ್ಲಿ ಹನ್ನೊಂದು ವರ್ಷ

ಲೆವ್ ವಸೀಲ್ಯೆವಿಚ್ ಶುಬ್ನಿಕೋವ್ ಅತಿಶೀತ ಭೌತವಿಜ್ಞಾನದಲ್ಲಿ ಕೆಲಸ ಮಾಡಿದ್ದು 1926ರಿಂದ 1937ರವರೆಗೆ, ಹನ್ನೊಂದು ವರ್ಷ ಮಾತ್ರ. ಅಷ್ಟರಲ್ಲಿ ಅವರು ಹಾಲೆಂಡಿನ ಲೈಡನ್‌ನಲ್ಲಿ ಲೋಹದೊಳಗಿನ ಎಲೆಕ್ಟ್ರಾನುಗಳ ಕ್ವಾಂಟಂ ಸ್ವಭಾವವನ್ನು ಬಯಲಿಗೆ ತರುವ ಪರಿಣಾಮವೊಂದನ್ನು ಕಂಡುಹಿಡಿದರು. ಉಕ್ರೇನಿನ ಖಾರ್ಕೊವ್‌ನಲ್ಲಿ ಸೋವಿಯೆತ್ ಒಕ್ಕೂಟದ ಮೊದಲ ಅತಿಶೀತ ಪ್ರಯೋಗಾಲಯವನ್ನು ಕಟ್ಟಿದರು. ಅತಿವಾಹಕಗಳಲ್ಲಿ ಎರಡು ಬಗೆಗಳಿವೆ ಎಂಬುದಕ್ಕೆ ಮೊದಲ ಗಟ್ಟಿ ಪುರಾವೆಯನ್ನು ಕೊಟ್ಟರು. ಪತ್ನಿ ಓಲ್ಗಾ ಟ್ರಪೆಜ್ನಿಕೊವಾ ಅವರ ಜೊತೆಗೂಡಿ, ಆಗಿನ್ನೂ ಸರಿಯಾದ ಹೆಸರೇ ಇಲ್ಲದ ಒಂದು ಬಗೆಯ ಕಾಂತತ್ವದ ಗುರುತನ್ನು ಅಳೆದರು. 36ನೆಯ ವಯಸ್ಸಿನಲ್ಲಿ ಸ್ಟಾಲಿನ್ ಆಡಳಿತ ಅವರನ್ನು ಗುಂಡಿಟ್ಟು ಕೊಂದಿತು. ಇಂದು ಆಸ್ಪತ್ರೆಗಳ ಎಂಆರ್‌ಐ ಯಂತ್ರದೊಳಗಿರುವ ಕಾಂತವು ಯಾವ ಸ್ಥಿತಿಯಲ್ಲಿ ಕೆಲಸ ಮಾಡುತ್ತದೆಯೋ ಆ ಸ್ಥಿತಿಗೆ ಅವರದೇ ಹೆಸರಿದೆ. ಆದರೂ ಭೌತವಿಜ್ಞಾನದ ವಿದ್ಯಾರ್ಥಿಗಳಾಚೆ ಆ ಹೆಸರು ಕೇಳಿದವರು ಬಹಳ ಕಡಿಮೆ.

ಅವರ ಸಂಶೋಧನೆಗಳು ಮೇಲುನೋಟಕ್ಕೆ ಬೇರೆ ಬೇರೆ ಎನಿಸುತ್ತವೆ: ಬಿಸ್ಮತ್ತಿನ ರೋಧ, ಸೀಸದ ಮಿಶ್ರಲೋಹ, ಕಬ್ಬಿಣದ ಕ್ಲೋರೈಡು, ಘನ ಹೈಡ್ರೋಜನ್. ಇವನ್ನು ಒಂದಕ್ಕೊಂದು ಬೆಸೆದದ್ದು ಸಿದ್ಧಾಂತಕ್ಕಿಂತ ಹೆಚ್ಚಾಗಿ ಒಂದು ಕೈಕಸುಬು. ಅಳೆಯುವ ಮೊದಲು ಅಳೆಯಬೇಕಾದ ವಸ್ತುವನ್ನು ಶುದ್ಧಗೊಳಿಸುವುದು, ಅದನ್ನು ಒಂದೇ ಹರಳಾಗಿ ಬೆಳೆಸುವುದು. ಬೇರೆಯವರು ಕೊಳಕು ಮಾದರಿಯ ಗೊಂದಲ ಎಂದು ತಳ್ಳಿಹಾಕಿದ್ದ ಕಡೆ ಶುಬ್ನಿಕೋವ್ ಪ್ರಕೃತಿಯ ನಿಯಮವನ್ನು ಕಂಡದ್ದು ಈ ಕಸುಬಿನ ಬಲದಿಂದ.

ಶುಬ್ನಿಕೋವ್ ಹುಟ್ಟಿದ್ದು 1901ರ ಸೆಪ್ಟೆಂಬರ್ 29ರಂದು, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ತಂದೆ ಲೆಕ್ಕಪತ್ರದ ಕೆಲಸದಲ್ಲಿದ್ದವರು. ಕ್ರಾಂತಿಯ ಮರುವರ್ಷ, 1918ರಲ್ಲಿ, ಆಗ ಪೆಟ್ರೊಗ್ರಾಡ್ ಎನಿಸಿದ್ದ ಅದೇ ನಗರದ ವಿಶ್ವವಿದ್ಯಾಲಯ ಸೇರಿದರು. ಅಂತರ್ಯುದ್ಧ, ಹಸಿವು, ಚಳಿಗಾಲದಲ್ಲಿ ಒಲೆಗೆ ಸೌದೆಯಿಲ್ಲದ ಕೋಣೆಗಳು. ಓದು ಕುಂಟುತ್ತಲೇ ಸಾಗಿತು. 1921ರಲ್ಲಿ ಹಾಯಿದೋಣಿಯಲ್ಲಿ ಫಿನ್ಲೆಂಡ್ ಕೊಲ್ಲಿಗೆ ಹೋದವರು ಗಡಿಯಾಚೆ ಫಿನ್ಲೆಂಡಿಗೆ ಸೇರಿಬಿಟ್ಟರು. ಅಲ್ಲಿಂದ ಜರ್ಮನಿಗೆ ಹೋಗಿ, 1922ರಲ್ಲಷ್ಟೇ ಊರಿಗೆ ಮರಳಿದರು. ತರುಣನೊಬ್ಬನ ಈ ಅಡ್ಡದಾರಿಯ ಪಯಣಕ್ಕೆ ಆಗ ಯಾರೂ ದೊಡ್ಡ ಅರ್ಥ ಹಚ್ಚಲಿಲ್ಲ.

ಮರಳಿದ ಮೇಲೆ ಅವರು ಪಾಲಿಟೆಕ್ನಿಕ್ ಸಂಸ್ಥೆಯ ಭೌತ-ಯಂತ್ರಶಾಸ್ತ್ರ ವಿಭಾಗಕ್ಕೆ ಬಂದು ಇವಾನ್ ಒಬ್ರೆಯಿಮೊವ್ ಅವರ ಶಿಷ್ಯರಾದರು. ಹರಳು ಬೆಳೆಸುವ ವಿದ್ಯೆ ಕೈಗೆ ಹತ್ತಿದ್ದು ಇಲ್ಲಿ. ಸಾಮಾನ್ಯ ಲೋಹದ ತುಂಡು ಲಕ್ಷಾಂತರ ಪುಟ್ಟ ಹರಳುಗಳ ರಾಶಿ. ಒಂದೊಂದರ ದಿಕ್ಕೂ ಬೇರೆ. ಅಂಥ ತುಂಡಿನ ಮೇಲೆ ಮಾಡಿದ ಅಳತೆ ಯಾವ ದಿಕ್ಕಿನದೂ ಅಲ್ಲದ ಸರಾಸರಿಯಾಗುತ್ತದೆ. ಗುರುಶಿಷ್ಯರು 1924ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ಲೋಹವನ್ನು ಕರಗಿಸಿ, ಒಂದು ತುದಿಯಿಂದ ನಿಧಾನವಾಗಿ ತಣಿಸುತ್ತಾರೆ. ತುದಿಯಲ್ಲಿ ಮೊದಲು ಗಟ್ಟಿಯಾದ ಒಂದೇ ಹರಳು ಉಳಿದ ದ್ರವವನ್ನೆಲ್ಲ ತನ್ನ ದಿಕ್ಕಿಗೆ ಜೋಡಿಸಿಕೊಳ್ಳುತ್ತ ಬೆಳೆಯುತ್ತದೆ. ಇದು ಒಬ್ರೆಯಿಮೊವ್–ಶುಬ್ನಿಕೋವ್ ವಿಧಾನವೆಂದು ಹೆಸರಾಯಿತು. 1926ರಲ್ಲಿ ಶುಬ್ನಿಕೋವ್ ಪದವಿ ಪಡೆದರು.

ಅದೇ ವರ್ಷ ಲೈಡನ್ನಿನ ಪ್ರಯೋಗಾಲಯ ತನ್ನ ಸ್ಥಾಪಕನನ್ನು ಕಳೆದುಕೊಂಡಿತ್ತು. 1908ರಲ್ಲಿ ಹೀಲಿಯಂ ಅನಿಲವನ್ನು ಮೊದಲ ಬಾರಿಗೆ ದ್ರವವಾಗಿಸಿದ, 1911ರಲ್ಲಿ ಪಾದರಸದಲ್ಲಿ ಅತಿವಾಹಕತೆಯನ್ನು ಕಂಡ ಹೈಕೆ ಕಾಮರ್ಲಿಂಗ್ ಓನೆಸ್ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು. ಪ್ರಯೋಗಾಲಯದ ಹೊಣೆ ವಾಂಡರ್ ಡಿ ಹಾಸ್ ಮತ್ತು ವಿಲ್ಲೆಮ್ ಕೇಸೊಮ್ ಅವರ ನಡುವೆ ಹಂಚಿಕೆಯಾಗಿತ್ತು. ಡಿ ಹಾಸ್ ಅವರಿಗೆ ಒಳ್ಳೆಯ ಹರಳುಗಳನ್ನು ಬೆಳೆಸಬಲ್ಲವರು ಬೇಕಾಗಿದ್ದರು. ಅಷ್ಟರಲ್ಲಿ ಲೆನಿನ್‌ಗ್ರಾಡ್ ಎಂದಾಗಿದ್ದ ಹುಟ್ಟೂರಿನ ಹಿರಿಯ ಭೌತವಿಜ್ಞಾನಿ ಅಬ್ರಾಂ ಯೊಫೆ ಶುಬ್ನಿಕೋವ್ ಹೆಸರನ್ನು ಸೂಚಿಸಿದರು. ಹೊಸ ಪದವೀಧರ ಜಗತ್ತಿನ ಅತಿ ತಂಪಾದ ಪ್ರಯೋಗಾಲಯಕ್ಕೆ ಹೋದರು. ಓಲ್ಗಾ ಕೂಡ ಬಂದು ಅಲ್ಲಿ ಕೆಲಸ ಮಾಡಿದರು. 1930ರವರೆಗೆ ಅವರು ಅಲ್ಲಿದ್ದರು.

ಲೈಡನ್ನಿನಲ್ಲಿ ಎತ್ತಿಕೊಂಡ ವಸ್ತು ಬಿಸ್ಮತ್. ವಿದ್ಯುತ್ತನ್ನು ಒಯ್ಯುವ ಎಲೆಕ್ಟ್ರಾನುಗಳು ಈ ಲೋಹದಲ್ಲಿ ತೀರ ಕಡಿಮೆ. ಕಾಂತಕ್ಷೇತ್ರದಲ್ಲಿ ಇಟ್ಟರೆ ಅದರ ರೋಧ ಬೇರೆ ಲೋಹಗಳಿಗಿಂತ ಎಷ್ಟೋ ಪಟ್ಟು ಹೆಚ್ಚುತ್ತದೆ. ಕೇಂಬ್ರಿಜ್‌ನಲ್ಲಿ ಪ್ಯೋತ್ರ್ ಕಪಿಟ್ಸಾ ಸುಮಾರು 30 ಟೆಸ್ಲಾದವರೆಗಿನ ಕ್ಷಣಿಕ ಕಾಂತಕ್ಷೇತ್ರಗಳಲ್ಲಿ ಬಿಸ್ಮತ್ತನ್ನು ಪರೀಕ್ಷಿಸಿ, ಕ್ಷೇತ್ರ ಏರಿದಂತೆ ರೋಧವೂ ಒಂದೇ ಸಮನೆ ಏರುತ್ತದೆ ಎಂದು 1928ರಲ್ಲಿ ವರದಿ ಮಾಡಿದ್ದರು. ಲೈಡನ್ನಿನ ಕಾಂತ ಅದರ ಹತ್ತನೆಯ ಒಂದು ಪಾಲಿನಷ್ಟೇ ಬಲದ್ದು. ಆದರೆ ಅಲ್ಲಿ ದ್ರವ ಹೈಡ್ರೋಜನ್ನಿನ ಚಳಿ ಇತ್ತು, ಮತ್ತು ಈಗ ಶುಬ್ನಿಕೋವ್ ಇದ್ದರು. ಅವರು ಬಿಸ್ಮತ್ತನ್ನು ಮತ್ತೆ ಮತ್ತೆ ಹರಳುಗಟ್ಟಿಸಿ ಕಲ್ಮಶ ಕಳೆದರು. ಪ್ರತಿ ಸುತ್ತಿನ ಶುದ್ಧೀಕರಣಕ್ಕೂ ರೋಧದ ವರ್ತನೆ ಬದಲಾಗುತ್ತಿತ್ತು. ಎಂದರೆ ಹಿಂದಿನ ಅಳತೆಗಳು ಬಿಸ್ಮತ್ತಿನವಷ್ಟೇ ಆಗಿರಲಿಲ್ಲ, ಅದರೊಳಗಿನ ಕಲ್ಮಶದವೂ ಆಗಿದ್ದವು.

ಅತಿ ಶುದ್ಧ ಹರಳನ್ನು 14ರಿಂದ 20 ಕೆಲ್ವಿನ್ ತಾಪದಲ್ಲಿ ಇಟ್ಟು ಕಾಂತಕ್ಷೇತ್ರವನ್ನು ಏರಿಸುತ್ತ ಹೋದಾಗ ರೋಧದ ರೇಖೆ ನೇರವಾಗಿ ಏರಲಿಲ್ಲ. ಏರಿತು, ತಗ್ಗಿತು, ಮತ್ತೆ ಏರಿತು. 1930ರಲ್ಲಿ ಪ್ರಕಟವಾದ ಈ ಫಲಿತಾಂಶವೇ ಶುಬ್ನಿಕೋವ್–ಡಿ ಹಾಸ್ ಪರಿಣಾಮ. ಆ ವರ್ಷದ ಕೊನೆಯಲ್ಲಿ ಡಿ ಹಾಸ್ ಮತ್ತು ವಾನ್ ಆಲ್ಫೆನ್ ಶುಬ್ನಿಕೋವ್ ಬೆಳೆಸಿದ್ದ ಬಿಸ್ಮತ್ ಹರಳಿನ ಕಾಂತೀಯತೆಯನ್ನು ಅಳೆದು, ಅದೂ ಹೀಗೆಯೇ ಏರಿಳಿಯುವುದನ್ನು ಕಂಡರು. ಡಿ ಹಾಸ್–ವಾನ್ ಆಲ್ಫೆನ್ ಪರಿಣಾಮ ಎಂಬ ಹೆಸರಿನಲ್ಲಿ ಶುಬ್ನಿಕೋವ್ ಇಲ್ಲ. ಅದರ ಹರಳಿನಲ್ಲಿ ಇದ್ದಾರೆ.

ಕಾರಣ ಇಷ್ಟು. ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನು ಸುತ್ತುಹಾಕುತ್ತದೆ. ಕ್ವಾಂಟಂ ನಿಯಮದ ಪ್ರಕಾರ ಆ ಸುತ್ತಿಗೆ ಯಾವ ಶಕ್ತಿಯಾದರೂ ಇರಲಾಗದು. ಮೆಟ್ಟಿಲುಗಳಂತೆ ಬಿಡಿಬಿಡಿ ಮಟ್ಟಗಳಷ್ಟೇ ಸಾಧ್ಯ. ಕ್ಷೇತ್ರ ಹೆಚ್ಚಿದಂತೆ ಮೆಟ್ಟಿಲುಗಳ ನಡುವಿನ ಅಂತರ ಹಿಗ್ಗುತ್ತದೆ, ಮಟ್ಟಗಳು ಒಂದೊಂದಾಗಿ ಎಲೆಕ್ಟ್ರಾನುಗಳ ಗರಿಷ್ಠ ಶಕ್ತಿಯ ಗಡಿಯನ್ನು ದಾಟಿ ಖಾಲಿಯಾಗುತ್ತವೆ. ಪ್ರತಿ ದಾಟುವಿಕೆಗೂ ರೋಧದಲ್ಲಿ ಒಂದು ಅಲೆ ಏಳುತ್ತದೆ. ಎಲೆಕ್ಟ್ರಾನು ಕಲ್ಮಶಕ್ಕೆ ಢಿಕ್ಕಿ ಹೊಡೆಯದೆ ಸುತ್ತು ಮುಗಿಸಿದರೆ ಮಾತ್ರ ಈ ಮಟ್ಟಗಳು ಸ್ಪಷ್ಟವಾಗಿರುತ್ತವೆ, ಹಾಗಾಗಿ ಶುದ್ಧತೆಯಿಲ್ಲದೆ ಅಲೆಯೂ ಇಲ್ಲ. ಈ ಮಟ್ಟಗಳ ಗಣಿತವನ್ನು 1930ರಲ್ಲೇ ಬರೆದವರು 22ರ ತರುಣ ಲೆವ್ ಲಂಡಾವ್. ಇಂಥ ಏರಿಳಿತ ಇರಬೇಕೆಂದು ಅವರಿಗೆ ಹೊಳೆದಿತ್ತು, ಆದರೆ ಪ್ರಯೋಗದಲ್ಲಿ ಅದನ್ನು ಕಾಣಲಾಗದು ಎಂದೇ ಭಾವಿಸಿದ್ದರು. ಲೈಡನ್ನಿನಲ್ಲಿ ಅದು ಆಗಲೇ ಕಣ್ಣಿಗೆ ಬಿದ್ದಿರುವುದು ಅವರಿಗೆ ತಿಳಿದಿರಲಿಲ್ಲ. ಈ ಇಬ್ಬರು ಲೆವ್‌ಗಳು ಎರಡೇ ವರ್ಷದಲ್ಲಿ ಒಂದೇ ಸಂಸ್ಥೆಯಲ್ಲಿ ಸಹೋದ್ಯೋಗಿಗಳೂ ಆಪ್ತಮಿತ್ರರೂ ಆದರು.

ಆ ಸಂಸ್ಥೆ ಖಾರ್ಕೊವ್‌ನ ಉಕ್ರೇನಿಯನ್ ಭೌತ-ತಾಂತ್ರಿಕ ಸಂಸ್ಥೆ. ಇಂದು ಖಾರ್ಕಿವ್ ಎಂದು ಕರೆಯುವ ಈ ನಗರ 1934ರವರೆಗೆ ಉಕ್ರೇನಿನ ರಾಜಧಾನಿಯಾಗಿತ್ತು. 1928ರಲ್ಲಿ ಸ್ಥಾಪನೆಯಾದ ಸಂಸ್ಥೆಗೆ ಒಬ್ರೆಯಿಮೊವ್ ಅವರೇ ಮೊದಲ ನಿರ್ದೇಶಕರು. ಶಿಷ್ಯನನ್ನು ಕರೆದದ್ದು ಅವರೇ. ಶುಬ್ನಿಕೋವ್ 1930ರಲ್ಲಿ ಬಂದರು, ಮರುವರ್ಷ ಅತಿಶೀತ ಪ್ರಯೋಗಾಲಯದ ಮುಖ್ಯಸ್ಥರಾದರು. ಲಂಡಾವ್ 1932ರಲ್ಲಿ ಬಂದು ಸಿದ್ಧಾಂತ ವಿಭಾಗವನ್ನು ವಹಿಸಿಕೊಂಡರು. ಸಂಸ್ಥೆ ಆ ವರ್ಷವೇ ಜರ್ಮನ್ ಮತ್ತು ಇಂಗ್ಲಿಷಿನಲ್ಲಿ ಲೇಖನಗಳನ್ನು ಪ್ರಕಟಿಸುವ ಪತ್ರಿಕೆಯನ್ನು ಶುರುಮಾಡಿತು. ಮಾರ್ಟಿನ್ ಮತ್ತು ಬಾರ್ಬರಾ ರೂಹೆಮಾನ್, ಆಸ್ಟ್ರಿಯಾದ ಅಲೆಕ್ಸಾಂಡರ್ ವೈಸ್‌ಬರ್ಗ್, ಜರ್ಮನಿಯ ಫ್ರಿಟ್ಸ್ ಹೌಟರ್‌ಮಾನ್ಸ್ ಮೊದಲಾದ ವಿದೇಶಿಯರು ಬಂದು ಕೆಲಸಕ್ಕೆ ನಿಂತರು. 1934ರಲ್ಲಿ ಅಲ್ಲಿ ನಡೆದ ಸಮ್ಮೇಳನಕ್ಕೆ ನೀಲ್ಸ್ ಬೋರ್ ಬಂದಿದ್ದರು. ಇದೆಲ್ಲ ನಡೆದದ್ದು 1932–33ರ ಭೀಕರ ಕ್ಷಾಮ ಉಕ್ರೇನಿನ ಹಳ್ಳಿಗಳಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ ವರ್ಷಗಳ ಆಸುಪಾಸಿನಲ್ಲಿ ಎಂಬುದನ್ನು ಮರೆಯುವಂತಿಲ್ಲ.

ಹೈಡ್ರೋಜನ್ ಮತ್ತು ಹೀಲಿಯಂ ದ್ರವೀಕರಿಸುವ ಯಂತ್ರಗಳು ಅಂಗಡಿಯಲ್ಲಿ ಸಿಗುತ್ತಿದ್ದ ವಸ್ತುಗಳಲ್ಲ. ಪಂಪು, ಕೊಳವೆ, ನಿರ್ವಾತ ಪಾತ್ರೆ, ಅನಿಲದ ಪೂರೈಕೆ, ಗಾಜು ಊದುವ ಕುಶಲಕರ್ಮಿ ಎಲ್ಲವನ್ನೂ ಹೊಂದಿಸಬೇಕಿತ್ತು. ಲೈಡನ್ನಿನಲ್ಲಿ ಕಲಿತದ್ದು ಇಲ್ಲಿ ಕೈಹಿಡಿಯಿತು. 1931ರಲ್ಲಿ ದ್ರವ ಹೈಡ್ರೋಜನ್ ಸಿದ್ಧವಾಯಿತು, ಬಳಿಕ ದ್ರವ ಹೀಲಿಯಂ. ಜಗತ್ತಿನಲ್ಲಿ ಹೀಲಿಯಂ ತಾಪದಲ್ಲಿ ಕೆಲಸ ಮಾಡಬಲ್ಲ ಬೆರಳೆಣಿಕೆಯ ಪ್ರಯೋಗಾಲಯಗಳ ಸಾಲಿಗೆ ಖಾರ್ಕೊವ್ ಸೇರಿತು.

ಶುಬ್ನಿಕೋವ್ ಅತಿವಾಹಕತೆಯ ಕಡೆ ತಿರುಗಿದಾಗ ವಿಷಯ ಎಲ್ಲಿಗೆ ಬಂದು ನಿಂತಿತ್ತು ಎಂಬುದನ್ನು ಸ್ವಲ್ಪ ಹಿಂದಿನಿಂದ ನೋಡಬೇಕು. ಪಾದರಸ, ಸೀಸ, ತವರದಂಥ ಲೋಹಗಳನ್ನು ಕೆಲವೇ ಕೆಲ್ವಿನ್‌ಗಳಿಗೆ ತಣಿಸಿದಾಗ ವಿದ್ಯುತ್ ರೋಧ ಪೂರ್ತಿ ಇಲ್ಲವಾಗುತ್ತದೆ. ರೋಧವಿಲ್ಲದ ತಂತಿಯನ್ನು ಸುರುಳಿಯಾಗಿ ಸುತ್ತಿ, ಬಿಸಿಯಾಗದ ಬಲಿಷ್ಠ ಕಾಂತವನ್ನು ಮಾಡಬಹುದೆಂದು ಓನೆಸ್ ಲೆಕ್ಕಹಾಕಿದ್ದರು. ಅವರ ನಿರೀಕ್ಷೆ 10 ಟೆಸ್ಲಾ. ಆದರೆ ಸೀಸದ ಅತಿವಾಹಕತೆ 0.06 ಟೆಸ್ಲಾದ ಆಸುಪಾಸಿನಲ್ಲೇ ನಾಶವಾಯಿತು. ಅತಿವಾಹಕತೆಗೆ ಕಾಂತಕ್ಷೇತ್ರ ಶತ್ರು ಎಂಬ ತಿಳಿವಳಿಕೆ ಅಲ್ಲಿಂದ ಬೇರೂರಿತು. 1933ರಲ್ಲಿ ಬರ್ಲಿನ್ನಿನ ವಾಲ್ಟರ್ ಮೈಸ್ನರ್ ಮತ್ತು ರಾಬರ್ಟ್ ಓಕ್ಸನ್‌ಫೆಲ್ಡ್ ಇದಕ್ಕೆ ಹೊಸ ಅರ್ಥ ಕೊಟ್ಟರು. ಅತಿವಾಹಕ ಸ್ಥಿತಿಗೆ ಬಂದ ಲೋಹ ತನ್ನೊಳಗಿನ ಕಾಂತಕ್ಷೇತ್ರವನ್ನು ಹೊರಕ್ಕೆ ತಳ್ಳುತ್ತದೆ. ಸೊನ್ನೆ ರೋಧದಷ್ಟೇ ಈ ಹೊರದೂಡುವಿಕೆಯೂ ಅದರ ಮೂಲಗುಣ. ಮರುವರ್ಷವೇ ಯೂರಿ ರ‍್ಯಾಬಿನಿನ್ ಮತ್ತು ಶುಬ್ನಿಕೋವ್ ಸೀಸದ ಕಾಂತೀಯತೆಯನ್ನು ಅಳೆದು, ಆ ಲೋಹದೊಳಗೆ ಕ್ಷೇತ್ರ ಸೊನ್ನೆಯಾಗುವುದನ್ನು ನೇರವಾಗಿ ತೋರಿಸಿದರು.

ಆದರೆ ಒಂದು ತೊಡಕು ಉಳಿದಿತ್ತು. ಡಿ ಹಾಸ್ ಮತ್ತು ವೂಗ್ಡ್ 1930ರ ಸುಮಾರಿಗೆ ಸೀಸ–ಬಿಸ್ಮತ್ ಮಿಶ್ರಲೋಹ 2 ಟೆಸ್ಲಾದಷ್ಟು ಕ್ಷೇತ್ರದಲ್ಲೂ ಅತಿವಾಹಕವಾಗಿಯೇ ಉಳಿಯುವುದನ್ನು ಕಂಡಿದ್ದರು. ಶುದ್ಧ ಸೀಸ ಸಹಿಸುವುದರ ಮೂವತ್ತು ಪಟ್ಟಿಗೂ ಹೆಚ್ಚು! ಆಕ್ಸ್‌ಫರ್ಡಿನಲ್ಲಿದ್ದ ಕುರ್ಟ್ ಮೆಂಡೆಲ್ಸನ್ ಇದಕ್ಕೆ ಒಂದು ವಿವರಣೆ ಕೊಟ್ಟರು. ಮಿಶ್ರಲೋಹ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ. ಅದರೊಳಗೆ ಸ್ಪಂಜಿನ ಎಳೆಗಳಂತೆ ತೆಳುವಾದ, ಬೇರೆ ಸಂಯೋಜನೆಯ ಜಾಲವೊಂದು ಹರಡಿರುತ್ತದೆ. ಹೆಚ್ಚಿನ ಕ್ಷೇತ್ರದಲ್ಲಿ ಆ ಎಳೆಗಳು ಮಾತ್ರ ಅತಿವಾಹಕವಾಗಿ ಉಳಿಯುತ್ತವೆ, ನಡುವಿನ ಭಾಗವೆಲ್ಲ ಸಾಮಾನ್ಯ ಲೋಹವಾಗುತ್ತದೆ. ವಿವರಣೆ ಸರಳ, ನಂಬುವಂಥದ್ದು. ಆಗಿನ ಬಹುಪಾಲು ಮಾದರಿಗಳಿಗೆ ಅದು ತಕ್ಕಮಟ್ಟಿಗೆ ನಿಜವೂ ಆಗಿತ್ತು. ಅದರ ಪರಿಣಾಮವೇನೆಂದರೆ, ಮಿಶ್ರಲೋಹ ಎಂದರೆ ಕೊಳಕು ಪದಾರ್ಥ, ಅದರಿಂದ ಮೂಲಭೂತವಾದದ್ದೇನೂ ತಿಳಿಯದು ಎಂಬ ಮನೋಭಾವ ಮುಂದಿನ ಇಪ್ಪತ್ತೈದು ವರ್ಷ ಉಳಿದುಬಿಟ್ಟಿತು.

ಶುಬ್ನಿಕೋವ್ ಕೇಳಿದ್ದು ಬೇರೆ ಪ್ರಶ್ನೆ. ಮಿಶ್ರಲೋಹವನ್ನೂ ಶುದ್ಧ ಲೋಹದಷ್ಟೇ ಜತನದಿಂದ, ಆದಿಯಿಂದ ಅಂತ್ಯದವರೆಗೆ ಒಂದೇ ಸಮನಾದ ಏಕಹರಳಾಗಿ ಬೆಳೆಸಿದರೆ ಏನಾಗುತ್ತದೆ? ಸ್ಪಂಜಿಗೆ ಅವಕಾಶವೇ ಇಲ್ಲದ ಮಾದರಿ ಹೇಗೆ ವರ್ತಿಸುತ್ತದೆ? 1935ರಲ್ಲಿ ರ‍್ಯಾಬಿನಿನ್ ಜೊತೆ ಪ್ರಕಟಿಸಿದ ಮೊದಲ ಟಿಪ್ಪಣಿಯಲ್ಲೇ, ಮಿಶ್ರಲೋಹಕ್ಕೆ ಒಂದಲ್ಲ, ಎರಡು ನಿರ್ಣಾಯಕ ಕ್ಷೇತ್ರಗಳಿವೆ ಎಂದರು. ಬಳಿಕ ಖೊಟ್‌ಕೆವಿಚ್, ಶೆಪೆಲೆವ್ ಮತ್ತು ರ‍್ಯಾಬಿನಿನ್ ಅವರೊಂದಿಗೆ ವ್ಯವಸ್ಥಿತ ಅಧ್ಯಯನ ನಡೆಯಿತು. ಸೀಸಕ್ಕೆ ಥಾಲಿಯಂ ಬೆರೆಸಿದ ಹರಳುಗಳ ಒಂದು ಸಾಲನ್ನೇ ಬೆಳೆಸಿದರು. ಥಾಲಿಯಂನ ಪಾಲು ಶೇಕಡಾ ಒಂದಕ್ಕೂ ಕಡಿಮೆಯಿಂದ ಶುರುವಾಗಿ ಶೇಕಡಾ 50ರವರೆಗೆ ಹೋಯಿತು. ಸೀಸ–ಇಂಡಿಯಂ ಹರಳುಗಳನ್ನೂ ಬೆಳೆಸಿದರು. ದೀರ್ಘಕಾಲ ಕಾಯಿಸಿ ಹದಗೊಳಿಸಿದ ಮೇಲಷ್ಟೇ ಅಳತೆ.

ಫಲಿತಾಂಶ ಸ್ಪಷ್ಟವಾಗಿತ್ತು. ಥಾಲಿಯಂ ಅತಿ ಕಡಿಮೆ ಇದ್ದಾಗ ಹರಳು ಶುದ್ಧ ಸೀಸದಂತೆಯೇ ವರ್ತಿಸಿತು: ಒಂದು ಮಿತಿಯವರೆಗೆ ಕ್ಷೇತ್ರವನ್ನು ಪೂರ್ತಿ ಹೊರಗಿಟ್ಟು, ಮಿತಿ ದಾಟಿದೊಡನೆ ಸೋತಿತು. ಥಾಲಿಯಂ ಒಂದು ಪ್ರಮಾಣ ಮೀರಿದ ಮೇಲೆ ಚಿತ್ರ ಬದಲಾಯಿತು. ಮೊದಲ ನಿರ್ಣಾಯಕ ಕ್ಷೇತ್ರದವರೆಗೆ ಪೂರ್ಣ ಹೊರದೂಡುವಿಕೆ. ಅಲ್ಲಿಂದ ಮುಂದೆ ಕ್ಷೇತ್ರ ಸ್ವಲ್ಪಸ್ವಲ್ಪವೇ ಒಳನುಗ್ಗುತ್ತದೆ, ಆದರೆ ರೋಧ ಸೊನ್ನೆಯಾಗಿಯೇ ಇರುತ್ತದೆ. ಎರಡನೆಯ ನಿರ್ಣಾಯಕ ಕ್ಷೇತ್ರದಲ್ಲಷ್ಟೇ ಅತಿವಾಹಕತೆ ಮುಗಿಯುತ್ತದೆ. ಥಾಲಿಯಂ ಹೆಚ್ಚಿಸಿದಷ್ಟೂ ಮೊದಲ ಮಿತಿ ಕೆಳಗಿಳಿಯುತ್ತ, ಎರಡನೆಯ ಮಿತಿ ಮೇಲೇರುತ್ತ ಹೋದವು. ಆಕಸ್ಮಿಕವಾಗಿ ಸೇರಿದ ಕೊಳಕು ಇಷ್ಟು ಕ್ರಮಬದ್ಧವಾಗಿ ನಡೆದುಕೊಳ್ಳದು. ಅತಿವಾಹಕತೆ ಮತ್ತು ಕಾಂತಕ್ಷೇತ್ರ ಒಂದೇ ಹರಳಿನೊಳಗೆ ಒಟ್ಟಿಗೆ ಬಾಳುವ ಒಂದು ಸ್ಥಿತಿ ಪ್ರಕೃತಿಯಲ್ಲಿದೆ ಎಂಬುದನ್ನು ಬಿಟ್ಟು ಬೇರೆ ಅರ್ಥ ಈ ಅಳತೆಗಳಿಗೆ ಉಳಿಯಲಿಲ್ಲ. 1936 ಮತ್ತು 1937ರಲ್ಲಿ ಪ್ರಕಟವಾದ ಈ ಪ್ರಬಂಧವನ್ನು ಇಪ್ಪತ್ತನೆಯ ಶತಮಾನದ ಪ್ರಾಯೋಗಿಕ ಭೌತವಿಜ್ಞಾನದ ಶ್ರೇಷ್ಠ ಬರಹಗಳ ಸಾಲಿನಲ್ಲಿ ಇಡಬೇಕು. ಅದು ಹೊರಬಂದಾಗ ಪಶ್ಚಿಮದಲ್ಲಿ ಅದರತ್ತ ಹರಿದ ಗಮನ ಅತ್ಯಲ್ಪ.

ಮಿಶ್ರಲೋಹಗಳ ಕೆಲಸದ ಜೊತೆಜೊತೆಗೇ ಕಾಂತತ್ವದ ಸಂಶೋಧನೆ ನಡೆದಿತ್ತು. ಕಬ್ಬಿಣದಲ್ಲಿ ಪರಮಾಣುಗಳ ಕಾಂತಗಳೆಲ್ಲ ಒಂದೇ ದಿಕ್ಕಿಗೆ ನಿಲ್ಲುತ್ತವೆ. ಅಕ್ಕಪಕ್ಕದವು ವಿರುದ್ಧ ದಿಕ್ಕಿಗೆ ನಿಂತರೆ ಹೊರಗೆ ಯಾವ ಕಾಂತತ್ವವೂ ಕಾಣದು, ಒಳಗೆ ಮಾತ್ರ ಶಿಸ್ತು ಇರುತ್ತದೆ. ಇದನ್ನು ಇಂದು ಪ್ರತಿಫೆರೋಕಾಂತತೆ ಎನ್ನುತ್ತಾರೆ. ಫ್ರಾನ್ಸಿನ ಲೂಯಿ ನೀಲ್ 1930ರ ದಶಕದ ಮೊದಲಲ್ಲಿ ಈ ದಿಕ್ಕಿನಲ್ಲಿ ಯೋಚಿಸಿದ್ದರು. ಲಂಡಾವ್ 1933ರಲ್ಲಿ, ಪದರಪದರವಾಗಿ ದಿಕ್ಕು ಬದಲಿಸುವ ಕ್ಲೋರೈಡುಗಳಿಗೆ ಒಂದು ಸಿದ್ಧಾಂತ ಬರೆದಿದ್ದರು. ಹೊರಗೆ ಕಾಣದ ಶಿಸ್ತನ್ನು ಹಿಡಿಯುವುದು ಹೇಗೆ? ಓಲ್ಗಾ ಟ್ರಪೆಜ್ನಿಕೊವಾ ಮತ್ತು ಶುಬ್ನಿಕೋವ್ ಶಾಖದ ಲೆಕ್ಕ ಹಿಡಿದರು. ಪದಾರ್ಥವನ್ನು ಬಿಸಿ ಮಾಡಿದಾಗ ಒಳಗಿನ ಶಿಸ್ತು ಮುರಿಯುವ ತಾಪದಲ್ಲಿ ಅದು ಹೆಚ್ಚುವರಿ ಶಾಖವನ್ನು ಹೀರಬೇಕು. ಫೆರಸ್ ಕ್ಲೋರೈಡಿನ ವಿಶಿಷ್ಟೋಷ್ಣದಲ್ಲಿ ಸುಮಾರು 24 ಕೆಲ್ವಿನ್ ಬಳಿ ಚೂಪಾದ ಶಿಖರವೊಂದು ಎದ್ದಿತು. 1934ರಲ್ಲಿ ಅದನ್ನು ವರದಿ ಮಾಡಿದರು. ಕ್ರೋಮಿಯಂ, ಕೋಬಾಲ್ಟ್, ನಿಕ್ಕೆಲ್ ಕ್ಲೋರೈಡುಗಳಲ್ಲೂ ಇಂಥವೇ ಶಿಖರಗಳು ಸಿಕ್ಕವು. ಪ್ರತಿಫೆರೋಕಾಂತ ಸಂಕ್ರಮಣದ ಮೊತ್ತಮೊದಲ ಪ್ರಾಯೋಗಿಕ ಗುರುತುಗಳಲ್ಲಿ ಇವು ಸೇರುತ್ತವೆ. ಇದರಲ್ಲಿ ಟ್ರಪೆಜ್ನಿಕೊವಾ ಅವರ ಪಾಲನ್ನು ಗಂಡನ ನೆರಳಿನಲ್ಲಿ ಇಡುವುದು ಅನ್ಯಾಯ. ಅವರು ಪ್ರಬಂಧಗಳ ಸಮಪಾಲಿನ ಲೇಖಕಿ, ತಮ್ಮ ಹಕ್ಕಿನಿಂದಲೇ ಭೌತವಿಜ್ಞಾನಿ.

ಅಬ್ರಾಂ ಕಿಕೊಯಿನ್ ಜೊತೆ ದ್ರವ ಹೀಲಿಯಂನ ಬೆಳಕಿನ ಗುಣಗಳ ಕುರಿತು, ಹೌಟರ್‌ಮಾನ್ಸ್ ಮುಂತಾದವರ ಜೊತೆ ನ್ಯೂಟ್ರಾನುಗಳ ಕುರಿತು ಕೂಡ ಶುಬ್ನಿಕೋವ್ ಈ ವರ್ಷಗಳಲ್ಲಿ ಕೆಲಸ ಮಾಡಿದರು. ಇನ್ನೊಂದು ಪ್ರಯೋಗವನ್ನು ಹೆಸರಿಸಲೇಬೇಕು. ಪ್ರೋಟಾನು ಕೂಡ ಒಂದು ಪುಟ್ಟ ಕಾಂತ. ಎಲೆಕ್ಟ್ರಾನಿನ ಕಾಂತದ ಸುಮಾರು 660ನೆಯ ಒಂದು ಪಾಲು ಮಾತ್ರ. ಅದನ್ನು ಒಟ್ಟೋ ಸ್ಟರ್ನ್ ತಂಡ ಅಣುಗಳ ಕಿರಣಗಳಿಂದ ಅಳೆದಿತ್ತು. ಬೋರಿಸ್ ಲಜರೆವ್ ಮತ್ತು ಶುಬ್ನಿಕೋವ್ ಹೈಡ್ರೋಜನ್ನನ್ನು ಘನವಾಗಿಸಿ, 2 ಕೆಲ್ವಿನ್‌ಗೂ ಕೆಳಕ್ಕೆ ತಣಿಸಿ, ಪ್ರೋಟಾನುಗಳ ಕಾಂತತ್ವವನ್ನು ಇಡೀ ತುಂಡಿನ ಗುಣವಾಗಿ ಅಳೆದರು. ಪರಮಾಣು ಬೀಜಗಳ ಕಾಂತತ್ವ ಘನವಸ್ತುವಿನಲ್ಲಿ ಹೀಗೆ ಕಂಡದ್ದು ಅದೇ ಮೊದಲು. ಪ್ರಬಂಧ ಪ್ರಕಟವಾದದ್ದು 1937ರಲ್ಲಿ.

ಅಷ್ಟು ಹೊತ್ತಿಗೆ ಸಂಸ್ಥೆಯ ಗಾಳಿ ಕೆಟ್ಟಿತ್ತು. 1935ರಿಂದ ಸೇನಾ ಉದ್ದೇಶದ ಗುಪ್ತ ಕೆಲಸಗಳು ಒಳಹೊಕ್ಕವು. ಲಂಡಾವ್, ಶುಬ್ನಿಕೋವ್ ಮತ್ತು ಅವರ ಗೆಳೆಯರು ಮೂಲವಿಜ್ಞಾನ ಇದರಡಿ ನಲುಗದಂತೆ ಅದನ್ನು ಬೇರೆಯಾಗಿ ಇಡಬೇಕೆಂದು ವಾದಿಸಿದರು. ಶುಬ್ನಿಕೋವ್ ಖಾರ್ಕೊವ್ ವಿಶ್ವವಿದ್ಯಾಲಯದಲ್ಲೂ ಪಾಠ ಹೇಳುತ್ತಿದ್ದರು. 1936ರ ಕೊನೆಯಲ್ಲಿ ವಿಶ್ವವಿದ್ಯಾಲಯ ಲಂಡಾವ್ ಅವರನ್ನು ಕೆಲಸದಿಂದ ತೆಗೆದಾಗ, ಶುಬ್ನಿಕೋವ್ ಸೇರಿದಂತೆ ಹಲವರು ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಸಹೋದ್ಯೋಗಿಗೆ ಬೆಂಬಲವಾಗಿ ನಿಂತ ಆ ನಡೆಗೆ ಸೋವಿಯೆತ್ ವಿರೋಧಿ ಮುಷ್ಕರ ಎಂಬ ಹಣೆಪಟ್ಟಿ ಬಿತ್ತು. 1937ರ ಆರಂಭದಲ್ಲಿ ಲಂಡಾವ್ ಮಾಸ್ಕೋಗೆ, ಕಪಿಟ್ಸಾ ಅವರ ಸಂಸ್ಥೆಗೆ ಹೋದರು. ಮಾರ್ಚಿನಲ್ಲಿ ವೈಸ್‌ಬರ್ಗ್ ಬಂಧನವಾಯಿತು. ಆಗಸ್ಟ್ 6ರಂದು ಶುಬ್ನಿಕೋವ್.

ತನಿಖೆಯಲ್ಲಿ ಅವರಿಂದ ಹೇಳಿಕೆಗಳನ್ನು ಬರೆಸಿಕೊಂಡರು. ಲಂಡಾವ್ ಹೆಸರೂ ಅದರೊಳಗಿತ್ತು. ಅಂಥ ಕೋಣೆಗಳಲ್ಲಿ ಹೊರಟ ಮಾತನ್ನು ಅವರ ಮಾತೆಂದು ಎಣಿಸುವಂತಿಲ್ಲ. ಮರಣದಂಡನೆ ವಿಧಿಸಿ, 1937ರ ನವೆಂಬರ್ 10ರಂದು ಗುಂಡಿಕ್ಕಿದರು. ಸಂಸ್ಥೆಯ ಲೆವ್ ರೊಜೆನ್‌ಕೆವಿಚ್ ಮತ್ತು ವಾದಿಮ್ ಗೊರ್ಸ್ಕಿ ಅವರಿಗೂ ಅದೇ ಗತಿಯಾಯಿತು. ಹೌಟರ್‌ಮಾನ್ಸ್ ಅದೇ ಡಿಸೆಂಬರಿನಲ್ಲಿ ಬಂಧಿತರಾದರು. ಅವರನ್ನೂ ವೈಸ್‌ಬರ್ಗ್ ಅವರನ್ನೂ 1940ರಲ್ಲಿ ನಾಜಿ ಜರ್ಮನಿಯ ಕೈಗೆ ಒಪ್ಪಿಸಲಾಯಿತು. ಗುರು ಒಬ್ರೆಯಿಮೊವ್ 1938ರಲ್ಲಿ ಬಂಧಿತರಾಗಿ 1941ರಲ್ಲಿ ಬಿಡುಗಡೆಯಾದರು. ಲಂಡಾವ್ 1938ರ ಏಪ್ರಿಲಿನಲ್ಲಿ ಸೆರೆಯಾಗಿ, ಕಪಿಟ್ಸಾ ಅವರ ಪಟ್ಟುಬಿಡದ ಪ್ರಯತ್ನದಿಂದ ಒಂದು ವರ್ಷದ ಬಳಿಕ ಹೊರಬಂದರು. ಜಗತ್ತಿನ ಮುಂಚೂಣಿಯ ಪ್ರಯೋಗಾಲಯವೊಂದು ಹೀಗೆ ಒಳಗಿನಿಂದಲೇ ಧ್ವಂಸವಾಯಿತು. ಅತಿಶೀತ ಪ್ರಯೋಗಾಲಯವನ್ನು ಉಳಿಸಿ ಬೆಳೆಸಿದವರು ಲಜರೆವ್.

ಸ್ಟಾಲಿನ್ ಸತ್ತ ಮೇಲೆ ಪ್ರಕರಣದ ಮರುಪರಿಶೀಲನೆ ನಡೆಯಿತು. ಲಂಡಾವ್ 1956ರಲ್ಲಿ ಅಧಿಕಾರಿಗಳಿಗೆ ಪತ್ರ ಬರೆದು, ಗೆಳೆಯನ ವೈಜ್ಞಾನಿಕ ಹಿರಿಮೆಗೂ ನಿರ್ದೋಷಿತನಕ್ಕೂ ಸಾಕ್ಷಿ ನುಡಿದರು. 1957ರಲ್ಲಿ ಶುಬ್ನಿಕೋವ್ ನಿರ್ದೋಷಿ ಎಂದು ಸರ್ಕಾರ ಒಪ್ಪಿತು. ಆದರೆ ಆಗಲೂ ಸಾವಿನ ದಿನಾಂಕದ ವಿಷಯದಲ್ಲಿ ಸುಳ್ಳು ಹೇಳಿತು. ದಾಖಲೆಯ ಪ್ರಕಾರ ಅವರು 1945ರಲ್ಲಿ ತೀರಿಕೊಂಡಿದ್ದರು. ಗುಂಡಿಕ್ಕಿದ ನಿಜ ಹೊರಬರಲು ಇನ್ನೂ ಮೂರು ದಶಕಗಳೇ ಬೇಕಾದವು. ಟ್ರಪೆಜ್ನಿಕೊವಾ ಲೆನಿನ್‌ಗ್ರಾಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮುಂದುವರಿಸಿ, 1997ರವರೆಗೆ ಬದುಕಿದ್ದರು.

ವಿಜ್ಞಾನದಲ್ಲಿ ಮರುಹುಟ್ಟು ಬಂದದ್ದೂ 1957ರಲ್ಲೇ. ವಿಟಾಲಿ ಗಿಂಜ್ಬರ್ಗ್ ಮತ್ತು ಲಂಡಾವ್ 1950ರಲ್ಲಿ ಅತಿವಾಹಕತೆಗೆ ಒಂದು ಸಿದ್ಧಾಂತವನ್ನು ರೂಪಿಸಿದ್ದರು. ಲಂಡಾವ್ ಅವರ ಶಿಷ್ಯ ಅಲೆಕ್ಸಿ ಅಬ್ರಿಕೊಸೊವ್, ಆ ಸಮೀಕರಣಗಳಲ್ಲಿನ ಒಂದು ಸಂಖ್ಯೆ ಗೊತ್ತಾದ ಗಡಿ ದಾಟಿದರೆ ಅತಿವಾಹಕದ ಸ್ವಭಾವವೇ ಬದಲಾಗುವುದೆಂದು ಕಂಡರು. ಕಾಂತಕ್ಷೇತ್ರ ಆಗ ಸಣ್ಣ ಸಣ್ಣ ಸುಳಿಗಳಾಗಿ ಒಳಬರುತ್ತದೆ. ಪ್ರತಿ ಸುಳಿಯ ನಡುಭಾಗ ಸಾಮಾನ್ಯ ಲೋಹ, ಅದರ ಸುತ್ತ ರೋಧವಿಲ್ಲದೆ ಸುತ್ತುವ ಪ್ರವಾಹ, ಉಳಿದೆಲ್ಲೆಡೆ ಅತಿವಾಹಕ. ಸುಳಿಗಳು ಕ್ರಮವಾಗಿ ಜಾಲರಿಯಂತೆ ಸಾಲುಗಟ್ಟುತ್ತವೆ. ಲಂಡಾವ್ ಮೊದಲಿಗೆ ಇದನ್ನು ನಂಬಲಿಲ್ಲ, ಅಬ್ರಿಕೊಸೊವ್ ಕೆಲವು ವರ್ಷ ಅದನ್ನು ಪಕ್ಕಕ್ಕಿಟ್ಟಿದ್ದರು. 1957ರಲ್ಲಿ ಕೊನೆಗೂ ಪ್ರಕಟಿಸಿದಾಗ, ತಮ್ಮ ಲೆಕ್ಕವನ್ನು ಹೋಲಿಸಿ ನೋಡಲು ಅವರು ಆರಿಸಿಕೊಂಡದ್ದು ಇಪ್ಪತ್ತು ವರ್ಷ ಹಿಂದಿನ ಖಾರ್ಕೊವ್ ಅಳತೆಗಳನ್ನು, ಸೀಸ–ಥಾಲಿಯಂ ಹರಳುಗಳನ್ನು. ಎರಡೂ ಹೊಂದಿದವು. 1967ರಲ್ಲಿ ಎಸ್‌ಮಾನ್ ಮತ್ತು ಟ್ರಾಯ್‌ಬ್ಲೆ, ಕಾಂತೀಯ ಲೋಹದ ಅತಿ ಸಣ್ಣ ಕಣಗಳನ್ನು ಅತಿವಾಹಕದ ಮೇಲೆ ಉದುರಿಸಿ, ಸುಳಿಗಳ ತ್ರಿಕೋನ ಜಾಲರಿಯ ಚಿತ್ರ ತೆಗೆದರು. ಅಬ್ರಿಕೊಸೊವ್ ಅವರಿಗೆ 2003ರಲ್ಲಿ ಗಿಂಜ್ಬರ್ಗ್ ಮತ್ತು ಆಂಟನಿ ಲೆಗೆಟ್ ಜೊತೆ ನೊಬೆಲ್ ಬಂತು. ಎರಡು ನಿರ್ಣಾಯಕ ಕ್ಷೇತ್ರಗಳ ನಡುವಿನ ಈ ಸ್ಥಿತಿಗೆ ಶುಬ್ನಿಕೋವ್ ಹಂತ ಎಂಬ ಹೆಸರು 1960ರ ದಶಕದಲ್ಲಿ ಬಳಕೆಗೆ ಬಂತು. ಫ್ರಾನ್ಸಿನ ಪಿಯೆರ್-ಜಿಲ್ ದ ಜೆನ್ ಅದನ್ನು ಹರಡಿದವರಲ್ಲಿ ಪ್ರಮುಖರು.

ಓನೆಸ್ ಕನಸಿನ ಕಾಂತ ಸಾಧ್ಯವಾದದ್ದೂ ಈ ಹಂತದಿಂದ. 1961ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಕುಂಜ್ಲರ್ ಮತ್ತು ಸಂಗಡಿಗರು, ನಯೋಬಿಯಂ–ತವರದ ಸಂಯುಕ್ತ 8.8 ಟೆಸ್ಲಾದಲ್ಲೂ ಭಾರೀ ಪ್ರವಾಹವನ್ನು ರೋಧವಿಲ್ಲದೆ ಒಯ್ಯುತ್ತದೆಂದು ತೋರಿಸಿದರು. ಇಲ್ಲೊಂದು ಗಮನಿಸಬೇಕಾದ ತಿರುವಿದೆ. ಪ್ರವಾಹ ಹರಿದಾಗ ಸುಳಿಗಳು ಜರುಗತೊಡಗುತ್ತವೆ; ಜರುಗಿದರೆ ಶಕ್ತಿ ವ್ಯಯವಾಗಿ ರೋಧ ಮರಳುತ್ತದೆ. ಹರಳಿನ ದೋಷಗಳು ಸುಳಿಗಳನ್ನು ಅಲ್ಲಲ್ಲೇ ಹಿಡಿದು ನಿಲ್ಲಿಸುತ್ತವೆ. ಹಾಗಾಗಿ ಕಾಂತದ ತಂತಿಯಲ್ಲಿ ಬೇಕೆಂದೇ ದೋಷಗಳನ್ನು ತುಂಬುತ್ತಾರೆ. ಶುಬ್ನಿಕೋವ್ ಹಂತವನ್ನು ಗುರುತಿಸಲು ಅತಿ ಶುದ್ಧ ಹರಳು ಬೇಕಾಯಿತು, ಅದರಿಂದ ಕೆಲಸ ತೆಗೆಯಲು ಅಶುದ್ಧಿ ಬೇಕಾಯಿತು. ಆಸ್ಪತ್ರೆಗಳ 1.5 ಮತ್ತು 3 ಟೆಸ್ಲಾ ಎಂಆರ್‌ಐ ಕಾಂತಗಳಲ್ಲಿ ನಯೋಬಿಯಂ–ಟೈಟೇನಿಯಂ ತಂತಿ ದ್ರವ ಹೀಲಿಯಂನಲ್ಲಿ ಮುಳುಗಿರುತ್ತದೆ. ಜಿನೀವಾ ಬಳಿಯ ಎಲ್‌ಎಚ್‌ಸಿ ಕಣವೇಗವರ್ಧಕದಲ್ಲಿ ಅದೇ ಮಿಶ್ರಲೋಹದ 1,232 ಬಾಗುಕಾಂತಗಳು 1.9 ಕೆಲ್ವಿನ್‌ನಲ್ಲಿ, 8 ಟೆಸ್ಲಾಗೂ ಮೀರಿದ ಕ್ಷೇತ್ರಕ್ಕೆ ರೂಪಿತವಾಗಿವೆ.

ಲೈಡನ್ನಿನ ಏರಿಳಿತದ ಕಥೆಯೂ ನಿಂತಿಲ್ಲ. ಲಾರ್ಸ್ ಆನ್ಸಾಗರ್ 1952ರಲ್ಲಿ, ಅಲೆಗಳ ಅಂತರದಿಂದ ಲೋಹದ ಎಲೆಕ್ಟ್ರಾನುಗಳ ಶಕ್ತಿಯ ಗಡಿಮೇಲ್ಮೈಯ ಆಕಾರವನ್ನೇ ಲೆಕ್ಕಹಾಕಬಹುದೆಂದು ತೋರಿಸಿದ ಮೇಲೆ, ಈ ಪರಿಣಾಮ ಲೋಹಗಳ ಒಳಚಿತ್ರ ಬಿಡಿಸುವ ಸಾಧನವಾಯಿತು. ಅರೆವಾಹಕಗಳ ತೆಳು ಪದರಗಳಲ್ಲಿ ಇದನ್ನೇ ಅಳೆಯುವ ಹಾದಿಯಲ್ಲಿ ಕ್ಲಾಸ್ ಫಾನ್ ಕ್ಲಿಟ್ಸಿಂಗ್ 1980ರಲ್ಲಿ ಕ್ವಾಂಟಂ ಹಾಲ್ ಪರಿಣಾಮವನ್ನು ಕಂಡರು. ತಾಮ್ರದ ಆಕ್ಸೈಡುಗಳ ಉನ್ನತ ತಾಪದ ಅತಿವಾಹಕಗಳು 1986ರಲ್ಲಿ ಪತ್ತೆಯಾದಾಗ, ಅವುಗಳಲ್ಲಿನ ಎಲೆಕ್ಟ್ರಾನುಗಳಿಗೆ ಸಾಮಾನ್ಯ ಲೋಹದಂಥ ಗಡಿಮೇಲ್ಮೈ ಇದೆಯೇ ಎಂಬ ಪ್ರಶ್ನೆ ಎದ್ದಿತು. ಎರಡು ದಶಕ ಉತ್ತರ ಸಿಗಲಿಲ್ಲ. ಅಲೆ ಕಾಣುವಷ್ಟು ಶುದ್ಧ ಹರಳುಗಳೂ, ಅತಿವಾಹಕತೆಯನ್ನು ಅಡಗಿಸುವಷ್ಟು ಬಲವಾದ ಕ್ಷೇತ್ರವೂ ಒಟ್ಟಿಗೆ ಬೇಕಿದ್ದವು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬೆಳೆಸಿದ ಇಟ್ರಿಯಂ–ಬೇರಿಯಂ–ತಾಮ್ರ ಆಕ್ಸೈಡಿನ ಹರಳುಗಳನ್ನು ಫ್ರಾನ್ಸಿನ ತುಲೂಸ್‌ಗೆ ಒಯ್ದು, 62 ಟೆಸ್ಲಾದವರೆಗಿನ ಕ್ಷೇತ್ರದಲ್ಲಿ ರೋಧವನ್ನು ಅಳೆದದ್ದು 2007ರಲ್ಲಿ ಪ್ರಕಟವಾಯಿತು. ಅಲೆಗಳು ಮೂಡಿದ್ದವು. ಅವುಗಳ ಅಂತರದಿಂದ, ಈ ಪದಾರ್ಥದಲ್ಲಿ ಎಲೆಕ್ಟ್ರಾನುಗಳ ಗಡಿಮೇಲ್ಮೈ ಇರುವುದು ನಿಜ, ಆದರೆ ಅದು ಎಣಿಸಿದ್ದಕ್ಕಿಂತ ಎಷ್ಟೋ ಸಣ್ಣದಾದ ತುಣುಕುಗಳಾಗಿ ಒಡೆದಿದೆ ಎಂದು ತಿಳಿಯಿತು. ಅದು ಹಾಗೆ ಒಡೆಯುವುದರಲ್ಲಿ ಒಳಗಿನ ಕಾಂತೀಯ ಶಿಸ್ತಿನ ಪಾತ್ರವೆಷ್ಟು, ವಿದ್ಯುದಾವೇಶದ ಜೋಡಣೆಯ ಪಾತ್ರವೆಷ್ಟು ಎಂಬ ಚರ್ಚೆಗೆ ಈ ಅಳತೆ ದಾರಿ ತೆರೆಯಿತು.